ಕಬುಕಿಯ ಕನ್ನಡಿಯಲ್ಲಿ ನಮ್ಮ ದೊಡ್ಡಾಟ

ಜಪಾನು ದೇಶದಲ್ಲಿ ಕಬುಕಿ ಎಂಬ ಹೆಸರಿನ ಒಂದು ನಾಟ್ಯಪ್ರಕಾರವುಂಟು. ಅದು ನಾಲ್ಕು ನೂರು ವರ್ಷಗಳಿಂದ ನಡೆದುಬಂದಿರುವದು. ಪರದೇಶಗಳಿಂದ ತೋಕಿಯೋ ನಗರಕ್ಕೆ ಪ್ರವಾಸ ಹೋದವರು, ಮಾತು ಒಂದಿಷ್ಟೂ ತಿಳಿಯದಿದ್ದರೂ, ಹಣ ಕೊಟ್ಟು ಅದರ ಮುಂದೆ ಗಂಟೆಗಟ್ಟಲೆ ಕುಳಿತುಕೊಳ್ಳುವರು. ಮರಳಿ ಬಂದು ಅದನ್ನು ಬಾಯ್ತುಂಬ ಹೊಗಳುವರು. ಆದರೆ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿ ಬೆಳೆದವನು ಅದೇ ಕಬುಕಿಯ ಚಿತ್ರಗಳನ್ನು ಕಂಡನೆಂದರೆ, “ಇದೇನು, ನಮ್ಮೂರ ಅಟ್ಟದ ಮೇಲಿನ ವೇಷವಲ್ಲವೇ!” ಎಂದು ಬೆರಗಾಗದೆ ಇರಲಾರನು. ಬಣ್ಣ ಬಳಿದ ಮುಖ, ದೇಹವನ್ನು ಇಮ್ಮಡಿಯಾಗಿ ತೋರಿಸುವ ಉಡಿಗೆ, ಹೆಣ್ಣಿನ ವೇಷದಲ್ಲಿರುವ ಗಂಡಸು, ಹುಬ್ಬೇರಿಸಿ ಕಣ್ಣರಳಿಸಿ ನಿಂತ ವೀರ — ಇವೆಲ್ಲವೂ ಅವನಿಗೆ ಬಾಲ್ಯದಿಂದ ಪರಿಚಿತವಾದವುಗಳೇ. ಆ ಕಬುಕಿಯನ್ನು ಓದುಗರಿಗೆ ಪರಿಚಯ ಮಾಡಿಕೊಡುತ್ತ, ಅದರ ಕನ್ನಡಿಯಲ್ಲಿ ನಮ್ಮ ದೊಡ್ಡಾಟದ ಮುಖವನ್ನು ಒಮ್ಮೆ ನೋಡುವದು ಈ ತಿಂಗಳಿನ ಲೇಖನದ ಉದ್ದೇಶವು.

ಕಬುಕಿ ಎಂಬ ಹೆಸರನ್ನು ಜಪಾನೀಯರು ಮೂರು ಅಕ್ಷರಗಳಿಂದ ಬರೆಯುವರು. ಒಂದರ ಅರ್ಥ ಹಾಡು, ಎರಡನೆಯದರ ಅರ್ಥ ಕುಣಿತ, ಮೂರನೆಯದರ ಅರ್ಥ ಕೌಶಲ. ಆದರೆ ಶಬ್ದದ ಮೂಲವು ಇಷ್ಟು ಸಭ್ಯವಾದುದಲ್ಲ. ನೆಟ್ಟಗೆ ನಿಲ್ಲದೆ ಓರೆಯಾಗಿ ವಾಲುವದು, ಲೋಕರೂಢಿಯನ್ನು ಮೀರಿ ನಡೆಯುವದು ಎಂಬರ್ಥದ ಕ್ರಿಯಾಪದದಿಂದ ಅದು ಹುಟ್ಟಿದೆ. 1603ರಲ್ಲಿ ಒಕುನಿ ಎಂಬ ಹೆಂಗಸು ಕ್ಯೋಟೋ ನಗರದ ಕಾಮೋ ನದಿಯ ಒಣಗಿದ ಪಾತ್ರದಲ್ಲಿ ಕುಣಿದು ತೋರಿಸಿದ್ದೇ ಕಬುಕಿಯ ಆರಂಭವೆಂದು ಹೇಳುವರು. ಅವಳು ಇಜುಮೋ ಎಂಬಲ್ಲಿಯ ದೇವಸ್ಥಾನದ ಸೇವೆಯವಳೆಂದು ಪ್ರತೀತಿ. ಅವಳು ಗಂಡುಡಿಗೆ ತೊಟ್ಟು ಆಡಿದಳು. ಜನರು ಮುಗಿಬಿದ್ದು ನೋಡಿದರು. ಇತರ ಹೆಂಗಸರ ಮೇಳಗಳೂ ಹುಟ್ಟಿಕೊಂಡವು. ಇದರಿಂದ ನೀತಿ ಕೆಡುವದೆಂದು ಬಗೆದು ಸರಕಾರವು 1629ರಲ್ಲಿ ಹೆಂಗಸರು ರಂಗವನ್ನೇರಬಾರದೆಂದು ಕಟ್ಟಪ್ಪಣೆ ಮಾಡಿತು. ಅವರ ಸ್ಥಾನಕ್ಕೆ ಹರೆಯದ ಹುಡುಗರು ಬಂದರು. 1652ರಲ್ಲಿ ಅವರಿಗೂ ತಡೆ ಬಂದಿತು. ಕೊನೆಗೆ ಉಳಿದವರು ಪ್ರಾಯದ ಗಂಡಸರು ಮಾತ್ರ. ರೂಪದ ಆಕರ್ಷಣೆಯು ಹೋದ ಮೇಲೆ ಅವರು ನಟನೆಯ ಬಲದಿಂದಲೇ ಜನರನ್ನು ಒಲಿಸಬೇಕಾಯಿತು. ಕಬುಕಿಯು ಗಂಭೀರವಾದ ಕಲೆಯಾಗಿ ಬೆಳೆದದ್ದು ಹೀಗೆ.

ಇನ್ನು ನಮ್ಮ ಸೀಮೆಗೆ ಬರೋಣ. ಆಳಂದದ ಕಡೆಯಿಂದ ಹರಿದುಬರುವ ಅಮರ್ಜೆಯು ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುವದು. ಭೀಮೆಯು ಮುಂದೆ ಜೇವರ್ಗಿಯ ಸೀಮೆಯನ್ನು ತಾಗಿ ಹರಿಯುವದು. ಕಲಬುರ್ಗಿ ಜಿಲ್ಲೆಯ ಈ ಮೂರು ತಾಲೂಕುಗಳೂ ತೊಗರಿ, ಜೋಳಗಳ ಎರೆಭೂಮಿ. ಜೋಳದ ರಾಶಿ ಮುಗಿದು, ಮುಂದಿನ ಮಳೆಯ ಬಿತ್ತಿಗೆಗೆ ಇನ್ನೂ ದಿನಗಳಿರುವಾಗ, ಯುಗಾದಿ ಮತ್ತು ಜಾತ್ರೆಗಳ ಸುಮಾರಿಗೆ ಈ ಕಡೆಯ ಹಳ್ಳಿಗಳಲ್ಲಿ ಆಟ ಕಟ್ಟುವದು ಹಿಂದಿನಿಂದ ಬಂದ ವಾಡಿಕೆ. ಉತ್ತರ ಕರ್ನಾಟಕದ ಬಯಲಾಟದಲ್ಲಿ ಮುಖ್ಯವಾದ ಪ್ರಕಾರಗಳು ಮೂರು. ಪುರಾಣದ ರಾಜರನ್ನೂ ರಾಕ್ಷಸರನ್ನೂ ಭಾರವಾದ ವೇಷಗಳಿಂದ ತೋರಿಸುವದು ದೊಡ್ಡಾಟ. ದಪ್ಪು ಬಾರಿಸಿ, ಊರಮನೆಗಳ ಕಥೆಯನ್ನು ಆಡುಮಾತಿನಲ್ಲಿ ಹೇಳುವದು ಸಣ್ಣಾಟ. “ಸಂಗ್ಯಾ ಬಾಳ್ಯಾ” ಈ ಬಗೆಯದು. ಕೃಷ್ಣ, ಸತ್ಯಭಾಮೆಯರ ಮುನಿಸು ಒಲವುಗಳನ್ನು ಸಂಗೀತಪ್ರಧಾನವಾಗಿ ಆಡುವದು ಶ್ರೀಕೃಷ್ಣ ಪಾರಿಜಾತ. ಇದನ್ನು ಅಪರಾಳ ತಮ್ಮಣ್ಣನು ರಚಿಸಿದನು, ಕುಲಗೋಡ ತಮ್ಮಣ್ಣನು ಬೆಳೆಯಿಸಿದನು. ಇವುಗಳಲ್ಲಿ ಕಬುಕಿಗೆ ಹತ್ತಿರದ ನೆಂಟನೆಂದರೆ ದೊಡ್ಡಾಟವೇ.

ದೊಡ್ಡಾಟವು ಒಂದು ರಾತ್ರಿಯಲ್ಲಿ ಮುಗಿದರೂ ಅದರ ಸಿದ್ಧತೆಗೆ ತಿಂಗಳುಗಳು ಬೇಕು. ಊರ ಹಿರಿಯರು ಕೂಡಿ ಯಾವ ಆಟವೆಂಬದನ್ನು ಗೊತ್ತುಮಾಡುವರು. ಕರ್ಣಪರ್ವ, ವಿರಾಟಪರ್ವ, ದ್ರೌಪದಿ ವಸ್ತ್ರಾಪಹರಣ, ಬಾಣಾಸುರ, ಐರಾವಣ ಮೈರಾವಣ, ದೇವಿ ಮಹಾತ್ಮೆ ಮೊದಲಾದವು ಬಹುಕಾಲದಿಂದ ಬಂದ ಪ್ರಸಂಗಗಳು. ಬಳಿಕ ಆಟ ಕಲಿಸುವ ಮಾಸ್ತರರನ್ನು ಕರೆತರುವರು. ಮೈಕಟ್ಟು, ಗಂಟಲು, ಧಾರಣಶಕ್ತಿ ಇವುಗಳನ್ನು ನೋಡಿ ಮಾಸ್ತರರು ಪಾತ್ರಗಳನ್ನು ಹಂಚುವರು. ಹಗಲೆಲ್ಲ ಹೊಲದಲ್ಲಿ ದುಡಿದವರು ಉಂಡ ನಂತರ ಗುಡಿಯಲ್ಲಿಯೋ ಚಾವಡಿಯಲ್ಲಿಯೋ ತಾಲೀಮಿಗೆ ಸೇರುವರು. ಓದುಬರಹ ಬಾರದವನಿಗೆ ಬಲ್ಲವನು ಒಂದೊಂದೇ ಸಾಲನ್ನು ಹೇಳಿಕೊಡುವನು. ಅವನು ಅದನ್ನು ನೇಗಿಲ ಹಿಂದೆ ನಡೆಯುತ್ತ ಗುನುಗಿ ಬಾಯಿಪಾಠ ಮಾಡುವನು. ಹೀಗೆ ನೂರಾರು ಪದಗಳನ್ನೂ ಮಾತುಗಳನ್ನೂ ನೆನಪಿನಲ್ಲಿಟ್ಟುಕೊಂಡು ಒಂದು ರಾತ್ರಿ ಅವನು ಕರ್ಣನಾಗುವನು. ಮರುದಿನ ಮತ್ತೆ ರೈತನಾಗುವನು. ಇದು ಅವನ ಹೊಟ್ಟೆಪಾಡಿನ ಉದ್ಯೋಗವಲ್ಲ. ಎಷ್ಟೋ ಸಲ ವೇಷದ ಬಾಡಿಗೆಯನ್ನೂ ಮಾಸ್ತರರ ಗೌರವಧನದ ಪಾಲನ್ನೂ ಪಾತ್ರಧಾರಿಯೇ ತನ್ನ ಕೈಯಿಂದ ಕೊಡುವನು.

ಆಟದ ದಿನ ಗುಡಿಯ ಮುಂದಿನ ಬಯಲಿನಲ್ಲಿ ಮರದ ಅಟ್ಟ ಕಟ್ಟುವರು. ಹಿಂದೆ ಪಂಜಿನ ಬೆಳಕು. ಆ ಮೇಲೆ ಗ್ಯಾಸಬತ್ತಿ ಬಂದಿತು. ಈಗ ವಿದ್ಯುದ್ದೀಪ, ಧ್ವನಿವರ್ಧಕಗಳಿವೆ. ಭಾಗವತನೂ ಅವನ ಸಂಗಡಿಗರೂ ಮದ್ದಳೆ, ತಾಳ, ಹಾರ್ಮೋನಿಯಮ್ಮುಗಳೊಡನೆ ನಿಲ್ಲುವರು. ಮೊದಲು ಗಣಪತಿಯ ಪೂಜೆ, ಬಳಿಕ ಶಾರದೆಯ ಸ್ತುತಿ. ಅನಂತರ ಪಾತ್ರಗಳು ಒಂದೊಂದಾಗಿ ಬರುವವು. ಬಂದ ವೇಷವು ತಾನಾಗಿಯೇ ಕಥೆಯನ್ನು ಆರಂಭಿಸುವದಿಲ್ಲ. ಸಾರಥಿಯೆಂಬವನು ಅದನ್ನು ತಡೆದು, ನೀವು ಯಾರು, ನಿಮ್ಮ ಹೆಸರೇನು, ಈ ಸಭೆಗೆ ಬಂದ ಕಾರಣವೇನು ಎಂದು ವಿನಯದಿಂದ ಕೇಳುವನು. ಅದಕ್ಕೆ ವೀರನು ತನ್ನ ಕುಲವನ್ನೂ ಪರಾಕ್ರಮವನ್ನೂ ಬಿರುದುಗಳನ್ನೂ ಗಂಭೀರವಾದ ನುಡಿಗಳಿಂದ ಹೇಳಿಕೊಳ್ಳುವನು. ಅದೇ ಸಾರಥಿಯು ಮುಂದೆ ವಿದೂಷಕನೂ ಆಗಿ, ರಾಜನ ಬಡಾಯಿಯನ್ನು ಹಳ್ಳಿಯ ಮಾತಿನಲ್ಲಿ ಛೇಡಿಸಿ ಜನರನ್ನು ನಗಿಸುವನು. ಕಬುಕಿಯಲ್ಲಿಯೂ ವೀರನು ಹೀಗೆಯೇ ತನ್ನ ಹೆಸರನ್ನೂ ಕೀರ್ತಿಯನ್ನೂ ಸಾರಿಕೊಳ್ಳುವ ದೀರ್ಘ ಭಾಷಣಗಳಿರುವವು. ಕೇಳುವವರು ಅವುಗಳಿಗಾಗಿಯೇ ಕಾದಿರುವರು.

ಇವೆರಡು ಆಟಗಳ ಒಳಗುಟ್ಟು ಒಂದೇ ಎಂಬದು ಹೆಜ್ಜೆಯಿಂದ ತಿಳಿದುಬರುವದು. ಕಬುಕಿಯಲ್ಲಿ ಕಥೆಯು ಭಾವದ ತುದಿಗೇರಿದಾಗ ನಟನು ಒಮ್ಮೆಲೆ ಶಿಲೆಯಂತೆ ನಿಂತುಬಿಡುವನು. ಕೈಕಾಲು ಬಿಗಿದಿರುವವು, ತಲೆಯನ್ನು ಒಂದು ಸುತ್ತು ತಿರುಗಿಸಿ, ಕಣ್ಣುಗುಡ್ಡೆಗಳನ್ನು ಮೂಗಿನತ್ತ ತಂದು ದಿಟ್ಟಿಸುವನು. ಇದಕ್ಕೆ ಮಿಯೆ ಎಂದು ಹೆಸರು. ಆ ಗಳಿಗೆಗೆ ಸರಿಯಾಗಿ ರಂಗದ ಒಂದು ಬದಿಯಲ್ಲಿ ಕುಳಿತವನು ಹಲಗೆಯ ಮೇಲೆ ಎರಡು ಮರದ ತುಂಡುಗಳನ್ನು ಬಡಿಯುವನು. ದೊಡ್ಡಾಟದ ಅಟ್ಟವೇ ಅಂಥ ಹಲಗೆ. ಗೆಜ್ಜೆ ಕಟ್ಟಿದ ಕಾಲಿನಿಂದ ವೇಷಧಾರಿಯು ಅದನ್ನು ಮೆಟ್ಟಿ ಹೆಜ್ಜೆ ಹಾಕಿದನೆಂದರೆ ಆ ಸದ್ದೇ ಒಂದು ವಾದ್ಯವಾಗುವದು. ಪದ ಮುಗಿದು ಮದ್ದಳೆಯ ಮುಕ್ತಾಯಕ್ಕೆ ಸರಿಯಾಗಿ ಅವನು ನಿಂತಾಗ, ನಿದ್ದೆಗಣ್ಣಿನಲ್ಲಿದ್ದ ಕೂಸುಗಳೂ ಬೆಚ್ಚಿ ಎದ್ದು ನೋಡುವವು. ನಿಜಜೀವನದಲ್ಲಿ ಯಾವ ಮನುಷ್ಯನೂ ಹಾಗೆ ನಿಲ್ಲುವದಿಲ್ಲ, ಹಾಗೆ ನಡೆಯುವದಿಲ್ಲ. ಆದರೂ ಕರ್ಣನ ಅಳಲು ನಮಗೆ ಮುಟ್ಟುವದು ಆ ನಿಲುವಿನಿಂದಲೇ. ಇದ್ದುದನ್ನು ಇದ್ದಂತೆ ತೋರಿಸುವದೇ ನಾಟಕವೆಂದು ತಿಳಿದವರು ದೊಡ್ಡಾಟವನ್ನು ಒರಟೆಂದು ತಳ್ಳಿಬಿಡುವರು; ಅಂಥವರು ಕಬುಕಿಯನ್ನು ನೋಡಬೇಕು.

ಬಣ್ಣದಲ್ಲಿಯೂ ಇದೇ ವಿಚಾರ. ಕಬುಕಿಯ ವೀರನ ಬಿಳಿಯ ಮುಖದ ಮೇಲೆ ಗೆರೆಗಳನ್ನು ಬರೆಯುವರು. ಕೆಂಪು ಗೆರೆಯು ಶೌರ್ಯ, ನ್ಯಾಯನಿಷ್ಠೆಗಳಿಗೆ; ನೀಲಿಯು ಕೇಡಿಗತನಕ್ಕೆ; ಕಂದು ಬಣ್ಣವು ಮಾನುಷವಲ್ಲದ ಭೂತಗಳಿಗೆ. ಈ ಬಗೆಯ ಉಗ್ರನಟನೆಯನ್ನು ರೂಢಿಗೆ ತಂದವನು 1660ರಿಂದ 1704ರ ವರೆಗೆ ಬಾಳಿದ ಮೊದಲನೆಯ ಇಚಿಕಾವಾ ದಾಂಜೂರೋ. ನಮ್ಮವರು ಹಿಂದೆ ಅರದಾಳ, ಇಂಗಳೀಕ, ಕಾಡಿಗೆಗಳನ್ನು ಅರೆದು ಬಳಿಯುತ್ತಿದ್ದರು. ಈಗ ಪೇಟೆಯ ಬಣ್ಣಗಳು ಬಂದಿವೆ. ಹಗುರವಾದ ಕಟ್ಟಿಗೆಯ ಮೇಲೆ ಬೇಗಡೆಯನ್ನೂ ಕನ್ನಡಿಯ ಚೂರುಗಳನ್ನೂ ಅಂಟಿಸಿದ ಕಿರೀಟ, ಭುಜಕೀರ್ತಿ, ಎದೆಹಾರಗಳು ದೀಪದ ಬೆಳಕಿಗೆ ಮಿನುಗಿದಾಗ, ನಿನ್ನೆ ಬಾವಿಕಟ್ಟೆಯಲ್ಲಿ ಕಂಡ ನೆರೆಮನೆಯವನು ಕೌರವೇಶ್ವರನೆಂಬದರಲ್ಲಿ ಯಾರಿಗೂ ಸಂದೇಹ ಉಳಿಯುವದಿಲ್ಲ.

ಹೆಣ್ಣುವೇಷದ ವಿಷಯವನ್ನು ತುಸು ನಿಧಾನಿಸಿ ನೋಡಬೇಕು. ಕಬುಕಿಯಲ್ಲಿ ಸ್ತ್ರೀಪಾತ್ರ ವಹಿಸುವ ಗಂಡಸಿಗೆ ಒನ್ನಗಾತ ಎನ್ನುವರು. 1673ರಿಂದ 1729ರ ವರೆಗೆ ಬಾಳಿದ ಯೋಶಿಜಾವಾ ಅಯಾಮೆ ಎಂಬ ಹೆಸರಾಂತ ನಟನು, ಸ್ತ್ರೀಪಾತ್ರ ಮಾಡುವವನು ರಂಗದ ಹೊರಗೂ ಹೆಣ್ಣಿನಂತೆಯೇ ಬಾಳಬೇಕೆಂದು ಬೋಧಿಸಿದನು. ಇಂದಿನ ಒನ್ನಗಾತರು ಹಾಗೆ ಬಾಳುವದಿಲ್ಲ. ಆದರೆ ಅವರ ಕಲೆಯ ಮನ್ನಣೆಯು ಕಡಿಮೆಯಾಗಿಲ್ಲ. ಐದನೆಯ ಬಾಂದೋ ತಾಮಾಸಾಬುರೋ ಎಂಬ ಒನ್ನಗಾತರನ್ನು ಜಪಾನು ಸರಕಾರವು 2012ರಲ್ಲಿ ರಾಷ್ಟ್ರದ ಜೀವಂತ ನಿಧಿಯೆಂದು ಗೌರವಿಸಿತು. ನಮ್ಮಲ್ಲಿಯೂ ಈ ಕಲೆಗೆ ದೊಡ್ಡ ಹೆಸರುಗಳಿಲ್ಲದಿಲ್ಲ. ಮರಾಠಿ ರಂಗಭೂಮಿಯ ಬಾಲಗಂಧರ್ವರು (1888–1967) ಉಟ್ಟ ಸೀರೆಯ ಬಗೆಯನ್ನು ಮನೆತನಸ್ಥ ಹೆಂಗಸರು ಅನುಕರಿಸಿದರು. ನೂರು ವರ್ಷಗಳನ್ನು ದಾಟಿ ಬಾಳಿದ ನಮ್ಮ ಏಣಗಿ ಬಾಳಪ್ಪನವರು ಪ್ರಾಯದಲ್ಲಿ ಸ್ತ್ರೀಪಾತ್ರಗಳಿಂದಲೇ ಪ್ರಸಿದ್ಧಿ ಪಡೆದರು. ಆದರೆ ಹಳ್ಳಿಯ ದೊಡ್ಡಾಟದಲ್ಲಿ ದ್ರೌಪದಿಯಾದವನಿಗೆ ದೊರೆಯುವದೇನು? ರಾತ್ರಿಯಲ್ಲಿ ಅವನ ಗೋಳಾಟಕ್ಕೆ ಕಣ್ಣೀರು ಸುರಿಸಿದವರೇ ಹಗಲಿನಲ್ಲಿ ಅವನ ನಡಿಗೆಯನ್ನು ಅಣಕಿಸುವದುಂಟು. ಸಭೆಯ ನಡುವೆ ಸೆರಗು ಹಿಡಿದು ನಿಂತ ಸ್ತ್ರೀಯ ಸಂಕಟವನ್ನು ತನ್ನ ಮೈಮೇಲೆ ತಂದುಕೊಂಡು ಊರಿನ ಗಂಡಸರಿಗೆ ತೋರಿಸಿಕೊಟ್ಟವನನ್ನು ನಗೆಗೀಡುಮಾಡುವದು ಸಲ್ಲದು. ಪಾರಿಜಾತದಲ್ಲಿಯಂತೂ ಕೌಜಲಗಿ ನಿಂಗಮ್ಮನವರಂಥ ಹೆಣ್ಣುಮಕ್ಕಳೇ ಅಟ್ಟವನ್ನೇರಿ ಕೀರ್ತಿವಂತರಾದರು. ಗಂಡಾಗಲಿ ಹೆಣ್ಣಾಗಲಿ, ವೇಷ ಹಾಕಿದವರಿಗೆ ಮರುದಿನ ಓಣಿಯಲ್ಲಿ ಮರ್ಯಾದೆ ದೊರೆಯಬೇಕು.

ನೋಡುವವರ ಸಡಗರವನ್ನೂ ಹೋಲಿಸಬಹುದು. ಕಬುಕಿಯ ರಂಗದಿಂದ ಪ್ರೇಕ್ಷಕರ ನಡುವೆ ಹಾಯ್ದು ಹಿಂಬದಿಯ ವರೆಗೆ ಒಂದು ಎತ್ತರದ ಕಾಲುಹಾದಿ ಇರುವದು. ಅದಕ್ಕೆ ಹನಮಿಚಿ, ಎಂದರೆ ಹೂವಿನ ಹಾದಿ, ಎನ್ನುವರು. ನಟನು ಆ ಹಾದಿಯಿಂದ ಬರುವಾಗ ಬಲ್ಲ ರಸಿಕರು ಅವನ ಮನೆತನದ ಹೆಸರನ್ನು ಗಟ್ಟಿಯಾಗಿ ಕೂಗಿ ಹುರುಪು ಕೊಡುವರು. ನಮ್ಮಲ್ಲಿ ಕೂಗಿನ ಜೊತೆಗೆ ಆಯೇರಿಯುಂಟು. ಮೆಚ್ಚಿದವರು ಆಟದ ನಡುವೆಯೇ ರೂಪಾಯಿ, ಶಾಲು, ಟಾವೆಲುಗಳನ್ನು ಕೊಡುವರು. ಕೊಟ್ಟವರ ಹೆಸರನ್ನು ಸಭೆಗೆ ಸಾರುವರು. ಯುದ್ಧಕ್ಕೆ ನಿಂತ ಭೀಮನು ಗದೆಯನ್ನು ಬದಿಗಿಟ್ಟು ಸೋದರಮಾವನ ಆಯೇರಿಯನ್ನು ಸ್ವೀಕರಿಸಿ, ಮತ್ತೆ ಗದೆ ಎತ್ತಿ ಹೂಂಕರಿಸುವದನ್ನು ನೋಡಿ ಹೊಸಬರು ನಗಬಹುದು. ಊರವರಿಗೆ ಅದು ಸಹಜವಾದುದು. ಊಟದ ಸಂಭ್ರಮವೂ ಎರಡೂ ಕಡೆಗೆ ಉಂಟು. ಕಬುಕಿಯ ಅಂಕಗಳ ನಡುವಣ ಬಿಡುವಿನಲ್ಲಿ ಜಪಾನೀಯರು ಚಿಕ್ಕ ಪೆಟ್ಟಿಗೆಯಲ್ಲಿ ಒಪ್ಪವಾಗಿ ಜೋಡಿಸಿದ ಅನ್ನ, ವ್ಯಂಜನಗಳನ್ನು ಉಣ್ಣುವರು. ನಮ್ಮ ತಾಯಂದಿರು ಚಾಪೆ ಕಂಬಳಿಗಳೊಡನೆ ಕಟಕರೊಟ್ಟಿ, ಶೇಂಗಾಹಿಂಡಿಗಳ ಗಂಟನ್ನು ತಂದು ಬೆಳಗಿನ ವರೆಗೆ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕೂಡ್ರುವರು.

ಇಷ್ಟೆಲ್ಲ ಸಾಮ್ಯಗಳಿದ್ದರೂ ನಮ್ಮ ಸೀಮೆಯ ಆಟವು ಮಾಡಿದ ಒಂದು ಕೆಲಸವು ಕಬುಕಿಯ ಪಾಲಿಗೆ ಬಂದಿರಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳು 1948ರ ಸಪ್ಟಂಬರ 17ರ ವರೆಗೆ ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿದ್ದವು. 1956ರ ನವಂಬರ 1ರಂದು ಮೈಸೂರು ರಾಜ್ಯವನ್ನು ಕೂಡಿದವು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. ಮೇಲಿನ ತರಗತಿಗಳ ಶಿಕ್ಷಣವೂ ಉರ್ದುವಿನಲ್ಲಿಯೇ. ಕನ್ನಡ ಶಾಲೆಗಳು ವಿರಳ. ಗಡಿಯ ಆಚೆಯಿಂದ ಮರಾಠಿಯ ಸೆಳೆತವೂ ಇದ್ದಿತು. ಅಂಥ ದಿನಗಳಲ್ಲಿ ಕಂದ, ವೃತ್ತ, ದ್ವಿಪದಿಗಳ ಪ್ರೌಢ ಕನ್ನಡವು ನಿರಕ್ಷರ ರೈತರ ಕಿವಿಗೆ ಬಿದ್ದದ್ದು ಎಲ್ಲಿಂದ? ಮಠ ಮಂದಿರಗಳ ಪುರಾಣ ಪ್ರವಚನಗಳಿಂದ, ಭಜನೆಯಿಂದ, ಮತ್ತು ಈ ಅಟ್ಟದ ಮೇಲಿಂದ. “ಎಲೈ” ಎಂದು ಕರೆದು “ಭಳಿರೆ” ಎಂದು ಮೆಚ್ಚುವ ಆ ಮಾತು ಮನೆಯ ಮಾತಲ್ಲ, ಸಂತೆಯ ಮಾತೂ ಅಲ್ಲ. ಆದರೂ ಅದು ತನ್ನದೇ ಎಂದು ಪ್ರತಿಯೊಬ್ಬನಿಗೂ ಅನಿಸುತ್ತಿತ್ತು. ಸಹಿ ಮಾಡಲು ಬಾರದವನು ಕರ್ಣಪರ್ವವನ್ನು ಆದಿಯಿಂದ ಅಂತ್ಯದ ವರೆಗೆ ಹೇಳಬಲ್ಲವನಾಗಿದ್ದನು. ಆಟವು ಮೋಜಿನೊಡನೆ ಪಾಠವನ್ನೂ ಕೊಟ್ಟಿತು. ಸಾಲೆಯಿಲ್ಲದ ಊರಿಗೆ ಅದು ಇರುಳಿನ ಸಾಲೆಯಾಗಿದ್ದಿತು. ಈ ಉಪಕಾರವನ್ನು ನಾವು ಮರೆಯಲಾಗದು.

ಈಗ ಕಬುಕಿಯು ಇಷ್ಟು ದೊಡ್ಡದಾದದ್ದು ಹೇಗೆಂಬದನ್ನು ವಿಚಾರಿಸೋಣ. ಹಿಂದಿನ ಜಪಾನಿನಲ್ಲಿ ನಟರಿಗೆ ಮರ್ಯಾದೆಯಿರಲಿಲ್ಲ. ಅವರನ್ನು “ನದೀಪಾತ್ರದ ಜನ” ಎಂದು ಹೀನವಾಗಿ ಕರೆಯುತ್ತಿದ್ದರು. 1887ರಲ್ಲಿ ಮೇಜಿ ಚಕ್ರವರ್ತಿಯು ಕಬುಕಿಯನ್ನು ಸ್ವತಃ ನೋಡಿದ ಮೇಲೆ ಆ ಹೀನತೆಯು ಅಳಿಯತೊಡಗಿತು. 1889ರಲ್ಲಿ ತೋಕಿಯೋ ನಗರದಲ್ಲಿ ಕಬುಕಿ-ಜಾ ಎಂಬ ದೊಡ್ಡ ನಾಟ್ಯಗೃಹವು ತೆರೆಯಿತು. ಅದು ಬೆಂಕಿಗೆ, ಭೂಕಂಪಕ್ಕೆ, 1945ರ ಬಾಂಬಿನ ದಾಳಿಗೆ ತುತ್ತಾದರೂ ಮತ್ತೆ ಮತ್ತೆ ಎದ್ದಿತು. ಈಗಿನ ಕಟ್ಟಡವು 2013ರಲ್ಲಿ ತೆರೆದದ್ದು. ಯುದ್ಧದಲ್ಲಿ ಜಪಾನು ಸೋತ ಬಳಿಕ ಗೆದ್ದವರ ಅಧಿಕಾರಿಗಳು, ಸೇಡು, ಸ್ವಾಮಿನಿಷ್ಠೆಗಳನ್ನು ಕೊಂಡಾಡುವ ನಾಟಕಗಳನ್ನು ತಡೆಹಿಡಿದರು. ನಲವತ್ತೇಳು ಸಮುರಾಯಿಗಳ ಕಥೆಯುಳ್ಳ, 1748ರಲ್ಲಿ ಹುಟ್ಟಿದ “ಚೂಶಿಂಗುರಾ”ವನ್ನೂ ಆಡಗೊಡಲಿಲ್ಲ. 1947ರಲ್ಲಿ ಅದು ಮತ್ತೆ ರಂಗಕ್ಕೆ ಬಂದಿತು. 2008ರಲ್ಲಿ ಯುನೆಸ್ಕೋ ಸಂಸ್ಥೆಯು ಕಬುಕಿಯನ್ನು ಮನುಕುಲದ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿತು.

ಆದರೆ ಪಟ್ಟಿ, ಕಟ್ಟಡಗಳಿಗಿಂತ ಹೆಚ್ಚಿನ ಬಲವು ಮನೆತನಗಳದು. ಕಬುಕಿಯ ನಟನೆಯು ತಂದೆಯಿಂದ ಮಗನಿಗೆ, ಗುರುವಿನಿಂದ ದತ್ತಕನಿಗೆ ಇಳಿದುಬರುವದು. ಕಲೆಯೊಡನೆ ಹೆಸರೂ ಬರುವದು. ಮೊದಲನೆಯ ದಾಂಜೂರೋ ಸತ್ತು ಮೂರು ಶತಮಾನಗಳು ಕಳೆದ ಮೇಲೆ, 2022ರಲ್ಲಿ, ಅದೇ ಹೆಸರನ್ನು ಹದಿಮೂರನೆಯವರೊಬ್ಬರು ಧರಿಸಿದರು. ಐದಾರು ವರ್ಷದ ಕೂಸುಗಳು ಹಿರಿಯರ ಕೈಹಿಡಿದು ರಂಗಕ್ಕೆ ಬರುವವು. ಅಜ್ಜನು ನಿಂತ ನಿಲುವನ್ನು ಮೊಮ್ಮಗನು ಕಲಿಯದಿದ್ದರೆ ಎಂಥ ಭವನವಿದ್ದರೂ ಅದರಲ್ಲಿ ಆಡುವವರಾರು?

ದೊಡ್ಡಾಟದ ಇಂದಿನ ಸ್ಥಿತಿಯನ್ನು ಹೇಳುವಾಗ ಮನಸ್ಸು ಭಾರವಾಗುವದು. ಕಂಪನಿ ನಾಟಕಗಳು ಜನರನ್ನು ತಮ್ಮತ್ತ ಎಳೆದವು. ಆ ಕ್ಷೇತ್ರದಲ್ಲಿ ಈ ಸೀಮೆಯು ಹಿಂದೆ ಬಿದ್ದಿಲ್ಲ. ರಾಜಣ್ಣ ಜೇವರ್ಗಿಯವರ “ಕುಂಟ ಕೋಣ ಮೂಕ ಜಾಣ” ನಾಡಿನಲ್ಲೆಲ್ಲ ಹೆಸರಾಯಿತು. ಬಳಿಕ ಸಿನೇಮಾ, ದೂರದರ್ಶನಗಳು ಬಂದವು. ಈಗ ಎಲ್ಲರ ಕೈಯಲ್ಲಿಯೂ ಮೊಬಾಯಿಲು. ದುಡಿಮೆಗಾಗಿ ತರುಣರು ಪುಣೆ, ಮುಂಬಯಿ, ಬೆಂಗಳೂರುಗಳಿಗೆ ಹೋಗುವದರಿಂದ ತಿಂಗಳುಗಟ್ಟಲೆ ತಾಲೀಮಿಗೆ ಜನ ಕೂಡುವದು ಕಠಿಣವಾಗಿದೆ. ಸರಕಾರವು ಬಾಗಲಕೋಟೆಯಲ್ಲಿ ಬಯಲಾಟ ಅಕಾಡೆಮಿಯನ್ನು ಸ್ಥಾಪಿಸಿ ಕಲಾವಿದರನ್ನು ಗೌರವಿಸುತ್ತಿರುವದು ಸಂತೋಷದ ಮಾತು. ಆದರೆ ಅಕಾಡೆಮಿಯು ಪ್ರಶಸ್ತಿ ಕೊಡಬಲ್ಲದು, ಪುಸ್ತಕ ಅಚ್ಚುಮಾಡಿಸಬಲ್ಲದು. ನಮ್ಮ ಮನೆಯ ಹುಡುಗನಿಗೆ ಹೆಜ್ಜೆ ಕಲಿಸಲು ಅದು ಬರಲಾರದು.

ಆದಕಾರಣ ಮನೆಮನೆಯವರು ಮಾಡಬಹುದಾದ ಕೆಲಸಗಳನ್ನು ಇಲ್ಲಿ ಸೂಚಿಸುವೆನು. ಹಳೆಯ ಮನೆಗಳ ಮಾಡದಲ್ಲಿಯೋ ಟ್ರಂಕಿನಲ್ಲಿಯೋ ಆಟದ ಕೈಬರಹದ ಪ್ರತಿಗಳು ಇರಬಹುದು. ಹರಿದಿವೆಯೆಂದು ಅವುಗಳನ್ನು ರದ್ದಿಗೆ ಹಾಕಬೇಡಿರಿ. ಒಳ್ಳೆಯ ಅಕ್ಷರದ ಮಕ್ಕಳಿಂದ ಅವನ್ನು ಪ್ರತಿ ಮಾಡಿಸಿರಿ. ಯಾವ ಊರು, ಯಾವ ವರ್ಷ, ಯಾರು ಯಾವ ಪಾತ್ರ ಮಾಡಿದರು ಎಂಬದನ್ನು ಕೆಳಗೆ ಬರೆಯಿಸಿರಿ. ಕಾಗದದ ಮೇಲಿನ ಪದಕ್ಕೆ ಧಾಟಿ ಇಲ್ಲದಿದ್ದರೆ ಅದು ಅರ್ಧವೇ ಸರಿ. ಆದುದರಿಂದ ವೇಷ ಹಾಕಿದ ಅಜ್ಜಂದಿರು ಇರುವಾಗಲೇ ಅವರಿಂದ ಪದಗಳನ್ನು ಹೇಳಿಸಿ, ಕೈಯಲ್ಲಿರುವ ಯಂತ್ರದಲ್ಲಿಯೇ ಹಿಡಿದಿಡಿರಿ. ಊರಿನಲ್ಲಿ ಆಟ ಕಟ್ಟಿದರೆ ಹುಡುಗರನ್ನು ಬೈದು ತಡೆಯದೆ ತಾಲೀಮಿಗೆ ಕಳಿಸಿರಿ. ಬಾಯಿಪಾಠದಿಂದ ನೆನಪು ಬಲಿಯುವದು, ನಾಲಗೆ ತಿದ್ದುವದು. ಹೆಣ್ಣುಮಕ್ಕಳಿಗೆ ಆಸೆಯಿದ್ದರೆ ಅವರೂ ಕಲಿಯಲಿ. ದೂರದಿಂದ ಬಂದ ಮಾಸ್ತರರಿಗೂ ಮೇಳದವರಿಗೂ ಒಂದು ಹೊತ್ತಿನ ಊಟವನ್ನು ಆದರದಿಂದ ಬಡಿಸಿರಿ.

ಕಬುಕಿಯು ಒಣಗಿದ ನದಿಯ ಮರಳಿನಿಂದ ಎದ್ದು ಲೋಕದ ಮನ್ನಣೆಗೆ ಪಾತ್ರವಾಯಿತು. ದೊಡ್ಡಾಟವು ಹುಟ್ಟಿದ್ದೂ ಬಯಲಿನಲ್ಲಿಯೇ. ಅದಕ್ಕೆ ಲೋಕದ ಮನ್ನಣೆಯು ಎಂದು ದೊರೆಯುವದೋ ದೊರೆಯಲಿ. ಅದಕ್ಕಿಂತ ಮೊದಲು ನೆರೆಹೊರೆಯವರ ಮನ್ನಣೆ ದೊರೆಯಬೇಕು. ಬರುವ ಸುಗ್ಗಿಯಲ್ಲಿ ನಿಮ್ಮ ಊರಿನ ಗುಡಿಯ ಮುಂದೆ ಅಟ್ಟ ಎದ್ದರೆ, ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ಮಕ್ಕಳನ್ನು ಕರೆದುಕೊಂಡು ಹೋಗಿರಿ. ಗಣಪತಿಯ ಪೂಜೆಗೆ ಮೊದಲೇ ಹೋಗಿ ಕುಳಿತು, ಮಂಗಳಾರತಿಯ ವರೆಗೆ ಏಳದೆ ಇರಿ.